ಮೈದುನ ಕಿತ್ತುಕೊಂಡು ಹೋದ ಬಾಗಿಲು

ನಮ್ಮ ದೊಡ್ಡವ್ವನಿಗೆ ಓದಲು ಬರುತ್ತಿರಲಿಲ್ಲ. ಆದರೆ ರೇಡಿಯೋದಲ್ಲಿ ವಾರವಾರ ಬರುತ್ತಿದ್ದ ನಾಟಕದ ಅತ್ತೆ ಯಾವ ಕಾಲು ಕುಂಟುತ್ತಾಳೆ ಎಂದು ಕೇಳಿದರೆ ಎಡಗಾಲು ಎಂದು ಆಣೆ ಮಾಡಿ ಹೇಳುತ್ತಿದ್ದಳು.

"ನಿನಗ ಹೆಂಗ ಗೊತ್ತಬೇ?" ಎಂದು ನಾನು ಒಮ್ಮೆ ಕೇಳಿದ್ದೆ.

"ಹೊಸ್ತಿಲಾ ಮೊದಲ ಬಲಗಾಲಿಟ್ಟು ದಾಟೂದು. ಆ ಕಾಲ ಬ್ಯಾನಿ ಇದ್ರ ಹೊಸ್ತಿಲದಾಗ ತಡದು ದಾಟತಿದ್ಲು. ಇಕಿ ತಡ್ಯಂಗಿಲ್ಲ."

ಅರವತ್ತರ ದಶಕದ ಮಾತಿದು. ನಮ್ಮೂರು ಮಾಸೂರಿನ ಚಾವಡಿಯ ರೇಡಿಯೋಕ್ಕೆ ಹೊರಗೆ ಒಂದು ಲೌಡ್‌ಸ್ಪೀಕರ್ ಕಟ್ಟಿದ್ದರು. ರವಿವಾರ ಮಧ್ಯಾಹ್ನ ನಾಟಕದ ಹೊತ್ತಿಗೆ ಗಂಡಸರು ಚಾವಡಿಯ ಕಟ್ಟೆ ಹಿಡಿಯುತ್ತಿದ್ದರು. ಅವರ ನಡುವೆ ಹೆಂಗಸರು ಕೂರುವಂತಿರಲಿಲ್ಲ. ಅದಕ್ಕೇ ಓಣಿಯ ಹೆಂಗಸರೆಲ್ಲ ಎದುರಿಗಿದ್ದ ದೊಡ್ಡವ್ವನ ಮನೆಯ, ತೊಲೆಗಳ ಮೇಲೆ ಮಣ್ಣು ಹೊದಿಸಿದ ಮಾಳಿಗೆ ಹತ್ತುತ್ತಿದ್ದರು. ಕೇಳಿದ್ದು ವಾರವಿಡೀ ಹೊಲದಲ್ಲಿ ಪ್ರಶ್ನೆಯಾಗಿ ಬರುತ್ತಿತ್ತು. ಸೊಸೆಯ ಎಮ್ಮೆ ಎಷ್ಟನೆಯ ಸೂಲು? ಅಂಚೆಯವನ ಪಾತ್ರ, ಗೌಡನ ಪಾತ್ರ ಎರಡನ್ನೂ ಮಾಡುವವನು ಒಬ್ಬನೇ ಮನುಷ್ಯ ಎನ್ನಲು ಗುರುತೇನು? ಎರಡನೆಯದಕ್ಕೆ ಉತ್ತರ, ಕೆಮ್ಮು. ಉತ್ತರ ತಪ್ಪಿದವರು ಮರುದಿನ ಎಲ್ಲರ ಬುತ್ತಿಗಂಟು ಹೊರಬೇಕು.

ನಾನು ಧಾರವಾಡದಲ್ಲಿ ಕಾಲೇಜು ಓದುತ್ತಿದ್ದೆ. ಪರೀಕ್ಷೆಯ ಗಡಿಬಿಡಿಯಲ್ಲಿ ಐದಾರು ವಾರದ ನಾಟಕ ತಪ್ಪಿತ್ತು. ಊರಿಗೆ ಬಂದವಳು ಅದನ್ನು ಯಾರಿಗೂ ಹೇಳದೆ, ಎಲ್ಲ ಗೊತ್ತಿದ್ದವಳಂತೆ ಮಾಳಿಗೆಯ ಮೇಲೆ ಕೂತೆ. ಎಂಟು ದಿನ ಸುರಿದ ಮಳೆ ಹಿಂದಿನ ದಿನವಷ್ಟೇ ಬಿಟ್ಟಿತ್ತು. ಮಾಳಿಗೆಯ ಮಣ್ಣು ಇನ್ನೂ ಹಸಿ. ದೊಡ್ಡವ್ವನ ಮಗಳು, ನನಗೆ ಅಕ್ಕ, ಎಂಟು ತಿಂಗಳ ಬಸುರಿ, ನಟ್ಟನಡುವೆ ಗೋಣಿಚೀಲ ಹಾಸಿಕೊಂಡು ಕೂತಿದ್ದಳು. ಚಲೋ ಕೇಳಿಸುವ ಜಾಗ ಅದು.

ನಾಟಕ ಅರ್ಧಕ್ಕೆ ಬಂದಾಗ ಕಿರ್ರ್ ಎಂದು ಉದ್ದಕ್ಕೆ ಸದ್ದಾಯಿತು. ಅಕ್ಕ ಏಳಹೋದಳು. ನಾನು ಅವಳ ಹೆಗಲು ಒತ್ತಿ ಕೂರಿಸಿದೆ.

"ಸುಮ್ಮ ಕುಂದ್ರ ಅಕ್ಕಾ. ನಾಟಕದಾಗಿನ ಬಾಗಲಾ ಅದು."

ಮೊದಲ ವಾರಗಳಲ್ಲಿ ಆ ಮನೆಯ ಬಾಗಿಲು ಹಾಗೆಯೇ ಕಿರುಗುಟ್ಟುತ್ತಿತ್ತು. ನನಗೆ ಗೊತ್ತಿದ್ದದ್ದು ಅಷ್ಟೇ.

ದೊಡ್ಡವ್ವ ನನ್ನತ್ತ ತಿರುಗಿದಳು. "ಯಾವ ಬಾಗಲಾ? ಪಾಲು ಆದಾಗ ಆ ಸೊಸಿ ಮೈದುನ ತನ್ನ ಪಾಲಿಂದಂತ ಬಾಗಲಾ ಕಿತ್ಗೊಂಡು ಹೋಗಿ ಮೂರು ವಾರಾತು. ಅಲ್ಲಿ ಗೋಣಿತಟ್ಟು ಇಳಿಬಿಟ್ಟಾರ. ತಟ್ಟು ಕಿರ್ರ್ ಅಂತೈತೇನು?"

ಯಾರೋ ನಕ್ಕರು. ಅವಳು ನಗಲಿಲ್ಲ. ಅಂಗೈಯನ್ನು ಮಣ್ಣಿಗೆ ಊರಿ ಒಂದು ಕ್ಷಣ ಹಾಗೇ ಇದ್ದಳು.

"ತೊಲಿ ಅದು. ಯಾರೂ ಓಡಬ್ಯಾಡ್ರಿ. ಗ್ವಾಡಿ ಮ್ಯಾಲೆ ಹೆಜ್ಜಿ ಇಡ್ರಿ, ನಡುವ ಬರಬ್ಯಾಡ್ರಿ. ಮೊದಲ ಬಸುರಿ ಇಳೀಲಿ."

ಅಕ್ಕ ಅಂಬೆಗಾಲಿಟ್ಟು ಅಂಚಿಗೆ ಬಂದಳು. ಏಣಿ ಒಂದೇ ಇತ್ತು. ಒಬ್ಬೊಬ್ಬರಾಗಿ ಇಳಿದೆವು. ಕೊನೆಗೆ ದೊಡ್ಡವ್ವ ಇಳಿದು ನಾಲ್ಕು ಹೆಜ್ಜೆ ಇಟ್ಟಿರಬಹುದು, ಮಾಳಿಗೆ ನಡುವಿನಲ್ಲಿ ಕುಸಿದು, ಬೀಸುವ ಕಲ್ಲು ಇದ್ದಲ್ಲಿ ಮಣ್ಣಿನ ಗುಡ್ಡೆ ಬಿತ್ತು. ಮನೆಯೊಳಗೆ ಯಾರೂ ಇರಲಿಲ್ಲ. ಚಾವಡಿಯ ಗಂಡಸರು ತಲೆಯನ್ನೂ ತಿರುಗಿಸಲಿಲ್ಲ. ಅವರೂ ಅದನ್ನು ನಾಟಕದ ಸದ್ದೆಂದೇ ತಿಳಿದಿದ್ದರು. ನಮ್ಮ ಕೂಗು ಕೇಳಿದ ಮೇಲೆ ಎದ್ದು ಓಡಿಬಂದರು.

ದೊಡ್ಡವ್ವ ತಲೆಯ ಮಣ್ಣು ಕೊಡವಿಕೊಂಡು ಅವರನ್ನು ಕೇಳಿದ್ದು ಒಂದೇ: "ಸೊಸಿ ತವರಿಗೆ ಹೋದ್ಲೋ ಇಲ್ಲೋ?"

ಯಾರಿಗೂ ಗೊತ್ತಿರಲಿಲ್ಲ. ಅದಕ್ಕೆ ಅವರನ್ನು ಚೆನ್ನಾಗಿ ಬೈದಳು. ಅಕ್ಕ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ಎರಡು ತಂಬಿಗೆ ನೀರು ಕುಡಿದಳು. ನಾನು ಅವಳ ಹತ್ತಿರ ಹೋಗಲಿಲ್ಲ. ಅವಳ ಹೆಗಲು ಒತ್ತಿದ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹಿತ್ತಲಲ್ಲಿ ನಿಂತಿದ್ದೆ. ಈಗಲೂ ಎಲ್ಲಿಯಾದರೂ ಮರ ಕಿರುಗುಟ್ಟಿದರೆ ಆ ಹೆಗಲು ನನ್ನ ಅಂಗೈಯ ಕೆಳಗೆ ಬರುತ್ತದೆ, ಏಳಹೋಗುತ್ತದೆ, ನಾನು ಒತ್ತುತ್ತೇನೆ.

ಎರಡು ದಿನದ ನಂತರ ಕಳೆ ತೆಗೆಯಲು ಹೋದಾಗ ದೊಡ್ಡವ್ವ ಎಲ್ಲರನ್ನೂ ಬಿಟ್ಟು ನನ್ನನ್ನೇ ಕೇಳಿದಳು.

"ಏ ಕಾಲೇಜಿನಾಕಿ, ಆ ಮನಿ ಬಾಗಲದಾಗ ಈಗ ಏನೈತಿ?"

ಉತ್ತರ ಗೊತ್ತಿತ್ತು. ನಾನು ಬಗ್ಗಿ ಕಳೆ ಕೀಳುತ್ತಲೇ ಇದ್ದೆ. ಅವಳು ಕಾದಳು. ಆಮೇಲೆ ತನ್ನ ಬುತ್ತಿಗಂಟನ್ನು ತಂದು ನನ್ನ ಕೈಗೆ ಕೊಟ್ಟಳು.

"ಸೋತಿ. ನಾಳಿ ನೀನ ಹೊರು."

ಎಲ್ಲರೂ ನಕ್ಕರು. ಮರುದಿನ ಒಂಬತ್ತು ಗಂಟು ಹೊತ್ತೆ. ಅದರ ಮರುದಿನ ಯಾರೂ ಹೇಳದಿದ್ದರೂ ಹೊತ್ತೆ. ದೊಡ್ಡವ್ವ ಬೇಡ ಎನ್ನಲಿಲ್ಲ.