ಹಿಂಡಿಯೊಳಗಿನ ಕುಣಿ

ಬೆಳಿಗ್ಗೆ ಅಡುಗೆಮನೆಗೆ ಬಂದರೆ ಹುರಿದ ಶೇಂಗಾದ ವಾಸನೆ. ಒಲೆ ಹೊತ್ತಿಸಿದವರಿಲ್ಲ, ಬಾಣಲೆ ಇಟ್ಟವರಿಲ್ಲ, ಇದೆಲ್ಲಿಂದ ಬಂತು ಎಂದು ನೋಡಿದರೆ ನನ್ನ ಮಗ ಒಂದು ಬಾಟಲಿಯ ಮುಚ್ಚಳ ತೆಗೆದು, ಒಳಗೆ ಚಮಚ ಇಳಿಬಿಟ್ಟುಕೊಂಡು ನಿಂತಿದ್ದ. ಪೀನಟ್ ಬಟರ್ ಅಂತೆ. ಅವನಿಗೆ ಜಮಖಂಡಿಯ ಬ್ಯಾಂಕೊಂದರಲ್ಲಿ ಕೆಲಸ; ದಿನಾ ರಬಕವಿಯಿಂದ ಬಸ್ಸಿಗೆ ಹೋಗಿ ಬರುತ್ತಾನೆ, ಬರುವಾಗ ಏನಾದರೊಂದು ಹೊಸ ಡಬ್ಬಿ ತರದಿದ್ದರೆ ಸಮಾಧಾನವಿಲ್ಲ. ಬಾಟಲಿಯೊಳಗೆ ಎಲ್ಲಕ್ಕೂ ಮೇಲೆ ಎಣ್ಣೆ ತಿಳಿಯಾಗಿ ನಿಂತಿತ್ತು.

"ಇದನ್ನ ಕಲಸಬೇಕವ್ವಾ, ಎಣ್ಣಿ ಮ್ಯಾಲೆ ಬಂದಿರತೈತಿ," ಎನ್ನುತ್ತ ಕಲಸಿ ಬ್ರೆಡ್ಡಿಗೆ ಸವರತೊಡಗಿದ. "ನಿನಗ ಇದರ ಮ್ಯಾಲೆ ಏನ ಹಾಕ್ಲಿ?"

ಅವನದು ಬಾಳೆಹಣ್ಣಿನ ಪಕ್ಷ. ಸೊಸೆ ಮುಧೋಳದವಳು, ಕಬ್ಬಿನ ನಡುವೆ ಬೆಳೆದವಳು. "ಶೇಂಗಾದ ಮ್ಯಾಲೆ ಬೆಲ್ಲ ಬಿಟ್ಟು ಬ್ಯಾರೆ ಏನ ಹಾಕಿದ್ರೂ ತಪ್ಪರಿ," ಎಂದು ಬೆಲ್ಲ ಹೆರೆಯಲು ಕೂತಳು. ನಮ್ಮ ಯಜಮಾನರು ಹಸಿ ಉಳ್ಳಾಗಡ್ಡಿಯೂ ಕೆಂಪು ಖಾರವೂ ಇಲ್ಲದಿದ್ದರೆ ತಮಗೆ ಆ ಬ್ರೆಡ್ಡೇ ಬೇಡ ಎಂದುಬಿಟ್ಟರು. ಊಟದ ವಿಷಯ ಬಂದರೆ ನಮ್ಮ ಮನೆಯಲ್ಲಿ ಎಲ್ಲರಿಗಿಂತ ದೊಡ್ಡ ದನಿ ನನ್ನದು. ಶಾಲೆಯಲ್ಲಿ ಮಕ್ಕಳಿಗೆ ಕಲಿಸಿ ಕಲಿಸಿ ಅಂಟಿಕೊಂಡ ರೋಗವದು, ನಿವೃತ್ತಿಯಾದರೂ ಬಿಟ್ಟಿಲ್ಲ. ಆದರೆ ಇವತ್ತು ನನಗೆ ಮಾತು ಹೊರಡಲಿಲ್ಲ. ಬ್ರೆಡ್ಡು, ಅದರ ಮೇಲೆ ಶೇಂಗಾ, ಶೇಂಗಾದಲ್ಲಿ ಎಣ್ಣೆ. ಇದನ್ನು ನಾನು ಮೊದಲೇ ಮಾಡಿದ್ದೇನೆ, ಇದೇ ಮನೆಯಲ್ಲಿ, ನನ್ನ ಅತ್ತೆಗಾಗಿ. ಆಗ ಇದಕ್ಕೆ ಇಂಥ ಹೆಸರಿದೆ ಎಂದು ಗೊತ್ತಿರಲಿಲ್ಲ.

ಮೊದಲು ಬ್ರೆಡ್ಡಿನ ಮಾತು ಹೇಳುತ್ತೇನೆ. ನಮ್ಮ ಕಡೆ ಬ್ರೆಡ್ಡು ಆರಾಮಿಲ್ಲದವರ ಊಟವಾಗಿತ್ತು. ಬೇಕರಿಯಿಂದ ಬ್ರೆಡ್ಡಿನ ಪುಡಿಕೆ ಹಿಡಿದು ಹೊರಟರೆ ಸಾಕು, ಎದುರಿಗೆ ಸಿಕ್ಕವರು ನಿಂತು, "ಯಾರಿಗಿ ಆರಾಮಿಲ್ರಿ?" ಎಂದು ಕೇಳುತ್ತಿದ್ದರು. ದವಾಖಾನೆಗೆ ಮಾತಾಡಿಸಲು ಹೋಗುವವರ ಕೈಯಲ್ಲಿ ಒಂದು ಬ್ರೆಡ್ಡು ಇರಲೇಬೇಕು. ಮಗ ದಿನಾ ಬೆಳಿಗ್ಗೆ ಬ್ರೆಡ್ಡು ತಿನ್ನಲು ಶುರುಮಾಡಿದಾಗ ನಾನು ಎರಡು ಸಲ ಅವನ ಹಣೆ ಮುಟ್ಟಿ ನೋಡಿದ್ದೆ. ಅವನು ನಕ್ಕ. ನನಗೆ ನಗು ಬರಲಿಲ್ಲ.

ಇನ್ನು ಹಿಂಡಿಯ ಮಾತು. ಹಿಂಡಿ ಎಂದರೆ ನಿಮಗೆ ದನಕ್ಕೆ ಹಾಕುವ ಹಿಂಡಿ ನೆನಪಾದೀತು. ಹಾಗೆ ತಿಳಿದು ನಮ್ಮಲ್ಲಿ ಊಟಕ್ಕೆ ಕೂತಾಗ ಮುಖ ಸಿಂಡರಿಸಿದವರನ್ನು ಕಂಡಿದ್ದೇನೆ. ನಮಗೆ ಹಿಂಡಿ ಎಂದರೆ ಚಟ್ನಿಪುಡಿ. ಶೇಂಗಾ ಹುರಿದು, ಸಿಪ್ಪೆ ಕೇರಿ, ಖಾರದ ಪುಡಿ, ಬೆಳ್ಳುಳ್ಳಿ, ಜೀರಿಗೆ, ಉಪ್ಪು ಹಾಕಿ ಒಳಕಲ್ಲಿನಲ್ಲಿ ಕುಟ್ಟಬೇಕು. ಒತ್ತಿದರೆ ಮುದ್ದೆ ಕಟ್ಟಬೇಕು, ಬಿಟ್ಟರೆ ಉದುರಬೇಕು. ಅದು ರೊಟ್ಟಿಯ ಜೊತೆ ದಿನದ ಊಟ, ಹಬ್ಬಕ್ಕೂ ಉಂಟು, ಊರಿಗೆ ಹೊರಟವರ ಗಂಟಿನಲ್ಲೂ ಉಂಟು. ಆದರೆ ಅದರ ಜೊತೆಗೆ ಏನು ಎಂಬಲ್ಲಿ ಮನೆಮನೆಗೂ ಬೇರೆ ಬೇರೆ ಮತ. ಕೆಲವರಿಗೆ ಮೊಸರು, ಕೆಲವರಿಗೆ ಉಳ್ಳಾಗಡ್ಡಿ. ನನ್ನ ತವರಿನಲ್ಲಿ ಎಣ್ಣೆ.

ತವರು ಬೀಳಗಿ. ಒಕ್ಕಲುತನದ ಮನೆ. ಶೇಂಗಾ ನಮ್ಮ ಹೊಲದ್ದು, ಎಣ್ಣೆ ಗಾಣದಿಂದ ತೆಗೆಸಿ ತಂದದ್ದು. ಅಪ್ಪ ಊಟಕ್ಕೆ ಕೂತರೆ ತಾಟಿನಲ್ಲಿ ಹಿಂಡಿಯ ಗುಡ್ಡೆ ಹಾಕಿಸಿಕೊಂಡು ಅದರ ನಡುವೆ ಹೆಬ್ಬೆರಳು ಒತ್ತಿ ಒಂದು ಕುಣಿ, ಅಂದರೆ ಸಣ್ಣ ಗುಳಿ, ಮಾಡುತ್ತಿದ್ದ. "ಕುಣಿ ತುಂಬ ಹಾಕ," ಎನ್ನುತ್ತಿದ್ದ. ಅವ್ವ ಎಣ್ಣೆ ಹಾಕುತ್ತಿದ್ದಳು. ನಾವು ಮಕ್ಕಳೂ ನಮ್ಮ ನಮ್ಮ ಸಣ್ಣ ಹೆಬ್ಬೆರಳಿನಿಂದ ಕುಣಿ ಮಾಡಿಕೊಂಡು ಕಾಯುತ್ತ ಕೂರುತ್ತಿದ್ದೆವು. ಊಟವಾದ ಮೇಲೆ ಉಳಿದ ಎಣ್ಣೆಯನ್ನು ಮೊಣಕೈಗೆ ಸವರಿಕೊಂಡು ಏಳುವುದು ವಾಡಿಕೆ. ಲೋಕವೆಲ್ಲ ಹೀಗೆಯೇ ಉಣ್ಣುತ್ತದೆ ಎಂದುಕೊಂಡು ಬೆಳೆದೆ.

ಮದುವೆಯಾಗಿ ರಬಕವಿಗೆ ಬಂದ ಮೊದಲ ದಿನದ ಊಟದಲ್ಲೇ ನಾನು ತಾಟಿನ ಹಿಂಡಿಗೆ ಹೆಬ್ಬೆರಳು ಒತ್ತಿ ಕುಣಿ ಮಾಡಿ ಎಣ್ಣೆಗೆ ಕಾಯುತ್ತ ಕೂತೆ. ಎಲ್ಲರೂ ಉಣ್ಣತೊಡಗಿದರು. ಎಣ್ಣೆ ಬರಲಿಲ್ಲ. ಕೊನೆಗೆ ನಾನೇ ಮೆಲ್ಲಗೆ, "ಅತ್ತೀ, ಎಣ್ಣಿ?" ಎಂದೆ.

ಅತ್ತೆ ನನ್ನ ತಾಟನ್ನು ಒಂದು ಗಳಿಗೆ ನೋಡಿದರು. "ಈ ಮನ್ಯಾಗ ಒಂದ ಕುಣಿ ಐತಿ ಯವ್ವಾ. ಅದರಾಗ ನಾ ಕುಂದರತೇನಿ," ಎಂದರು.

ಅವರು ಹೇಳಿದ್ದು ಮಗ್ಗದ ಕುಣಿ. ನಡುಮನೆಯ ನೆಲದಲ್ಲಿ ಸೊಂಟದಾಳಕ್ಕೆ ಅಗೆದ ತಗ್ಗು. ನೇಯುವವರು ಅದರೊಳಗೆ ಕಾಲು ಇಳಿಬಿಟ್ಟು ಕೂತು, ಕೆಳಗೆ ಕಾಲಿನಿಂದ ತುಳಿಯುತ್ತ, ಮೇಲೆ ಕೈಯಿಂದ ಲಾಳಿ ಓಡಿಸುತ್ತಾರೆ. ಬನಹಟ್ಟಿ, ರಬಕವಿಗಳಲ್ಲಿ ಓಣಿಗೆ ಓಣಿಯೇ ಪವರ್‌ಲೂಮಿಗೆ ಹೋದ ಮೇಲೂ, ಸ್ವಂತ ಮಗನೇ, ಅಂದರೆ ನಮ್ಮ ಯಜಮಾನರೇ, ಆ ಪವರ್‌ಲೂಮ್ ಶೆಡ್ಡಿನ ಕೆಲಸಕ್ಕೆ ಹೋದ ಮೇಲೂ ಅತ್ತೆ ಆ ಕುಣಿಯಿಂದ ಮೇಲೇಳಲಿಲ್ಲ. ಮಧ್ಯಾಹ್ನದ ಊಟವೂ ಅಲ್ಲಿಯೇ. ಮೆತ್ತನ್ನ ರೊಟ್ಟಿಯಲ್ಲಿ ಒಣ ಹಿಂಡಿ ಇಟ್ಟು ಸುರುಳಿ ಸುತ್ತಿ, ತಿಂದು, ಕೈ ಝಾಡಿಸಿ, ಮತ್ತೆ ಲಾಳಿ ಹಿಡಿಯುವುದು.

ಮೊದಲ ಸಲ ತವರಿಗೆ ಹೋದಾಗ ನಾನು ನಮ್ಮವ್ವನ ಮುಂದೆ, ಗಂಡನ ಮನೆಯವರು ಎಣ್ಣೆಗೂ ಹಿಂದುಮುಂದು ನೋಡುವ ಜನ ಎಂದು ಆಡಿಕೊಂಡೆ. ಅದು ಜಿಪುಣತನವಲ್ಲ ಎಂದು ತಿಳಿದದ್ದು ಮುಂದೊಂದು ದಿನ, ಮಗ್ಗಕ್ಕೆ ಏರಿದ ಹೊಸ ನೂಲನ್ನು ನಾನು ಆಸೆಗೆ ಮುಟ್ಟಲು ಕೈ ಚಾಚಿದಾಗ. ಅತ್ತೆ ನನ್ನ ಮಣಿಕಟ್ಟು ಹಿಡಿದುಕೊಂಡರು. ಬೈಯಲಿಲ್ಲ.

"ಎಣ್ಣಿ ಕೈ ತಾಗಿದ್ರ ಡಾಗ ಬೀಳತೈತಿ. ತೊಳದ್ರೂ ಹೋಗಂಗಿಲ್ಲ. ಈ ಸೀರಿ ಉಡಾಕಿ ಯಾರೋ ಏನೋ, ಆಕಿ ಎಲ್ಲೋ ಕುಂತು ನೋಡತಾಳ. ಆಕಿ ಮುಂದ ನಮ್ಮ ಕೈ ಹೊಲಸ ಆಗಬಾರದು."

ಆಮೇಲೆ ನನಗಾಗಿ ಒಂದು ಸಣ್ಣ ಎಣ್ಣೆಯ ಗಿಂಡಿ ಮನೆಗೆ ಬಂತು. ತಂದವರು ಅತ್ತೆಯೇ. ನಾನು ಮೆಲ್ಲಮೆಲ್ಲಗೆ ನಮ್ಮ ಯಜಮಾನರನ್ನೂ ಎಣ್ಣೆಯ ಪಕ್ಷಕ್ಕೆ ಸೇರಿಸಿಕೊಂಡೆ. ಮಗ ಹುಟ್ಟಿ ಅವನೂ ಸೇರಿದ. ಅತ್ತೆ ಮಾತ್ರ ಬಗ್ಗಲಿಲ್ಲ. ಅಮಾವಾಸ್ಯೆಗೆ ಮಗ್ಗ ನಿಲ್ಲುತ್ತಿತ್ತು, ಅಂದು ತಲೆಗೆ ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದರು. ಇವತ್ತಾದರೂ ಹಿಂಡಿಗೆ ಹಾಕುತ್ತೇನೆ ಎಂದು ನಾನು ಗಿಂಡಿ ಎತ್ತಿದರೆ ತಾಟಿನ ಮೇಲೆ ಅಂಗೈ ಮುಚ್ಚುತ್ತಿದ್ದರು. "ಬ್ಯಾಡ. ನಾಳಿ ಮತ್ತ ಕುಂದರಬೇಕಲ್ಲ." ಅದು ನಮ್ಮಿಬ್ಬರ ನಡುವಿನ ಆಟವಾಯಿತು. ನಾನು ಗಿಂಡಿ ಎತ್ತುವುದು, ಅವರು ಅಂಗೈ ಮುಚ್ಚುವುದು. ಅವರ ನಾಲಿಗೆಯ ಮೇಲೆ ಒಂದು ಸಲವಾದರೂ ಎಣ್ಣೆ ಹಿಂಡಿ ಇಡಿಸದೆ ಬಿಡುವವಳಲ್ಲ ಎಂದು ನಾನು ಹಟ ಹಿಡಿದಿದ್ದೆ. ಅವರಿಗೆ ನಗು ಬರುತ್ತಿತ್ತು, ಆದರೆ ಅಂಗೈ ಸರಿಯುತ್ತಿರಲಿಲ್ಲ.

ಒಂದು ಬೆಳಿಗ್ಗೆ ಮಗ್ಗದ ಸದ್ದು ನಡುವೆಯೇ ನಿಂತಿತು. ನಾನು ಶಾಲೆಗೆ ಹೊರಟವಳು ಒಳಗೆ ಬಂದು ನೋಡಿದರೆ ಅತ್ತೆ ನೇಯ್ದ ಬಟ್ಟೆಯ ಮೇಲೆ ಬಾಗಿದ್ದರು. ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಲಕ್ವಾ ಎಂದರು ಡಾಕ್ಟರು. ಮಾತು ತೊದಲುತ್ತಿತ್ತು, ಗಂಟಲು ಸರಿಯಾಗಿ ನುಂಗುತ್ತಿರಲಿಲ್ಲ. ಪುಡಿ, ಒಣ ಪದಾರ್ಥ ಯಾವುದೂ ಕೂಡದು, ನೆತ್ತಿಗೆ ಹತ್ತಿದರೆ ಜೀವಕ್ಕೆ ಅಪಾಯ, ಮೆತ್ತಗೆ ಕಲಸಿ ಕೊಡಿ ಎಂದು ಹೇಳಿ ಕಳಿಸಿದರು. ಮೊಸರೂ ಕಫಕ್ಕೆ ಬೇಡವೆಂದರು. ಮನೆಗೆ ಬ್ರೆಡ್ಡು ಬಂತು.

ಹಾಲಿನಲ್ಲಿ ನೆನೆಸಿದ ಬ್ರೆಡ್ಡನ್ನು ಅವರು ತುಟಿಯಿಂದಲೇ ಹೊರಗೆ ತಳ್ಳಿದರು. ಗಂಜಿ ಬೇಡ, ಸಜ್ಜಕ ಬೇಡ. ಬೇಕಾದದ್ದು ಒಂದೇ, ಹಿಂಡಿ. ನಾನು ಹಿಂಡಿಯನ್ನು ನುಣ್ಣಗೆ ಅರೆದು, ಎಣ್ಣೆ ಹಾಕಿ ಕಲಸಿ, ಬ್ರೆಡ್ಡಿನ ಮೇಲೆ ಸವರಿ ಬಾಯಿಯ ಹತ್ತಿರ ಒಯ್ದೆ. ವಾಸನೆಗೆ ಕಣ್ಣು ಬಿಟ್ಟರು. ಮಿನುಗುತ್ತಿದ್ದ ಎಣ್ಣೆ ಕಂಡದ್ದೇ ಬಾಯಿ ಬಿಗಿಹಿಡಿದರು.

"ಅತ್ತೀ, ನಿಮ್ಮ ಕೈಗಿ ಹತ್ತಂಗಿಲ್ರಿ. ನಾ ತಿನಸತೇನಿ," ಎಂದೆ.

ಅವರು ತಲೆ ಅಲ್ಲಾಡಿಸಿದರು. ಎಡಗೈ ಎತ್ತಿ ಮಗ್ಗದ ಕಡೆ ತೋರಿಸಿದರು. "ಸೀರಿ ಐತಿ," ಎಂದರು. "ಕುಂದರಬೇಕ."

ಸೀರೆ ಅರ್ಧಕ್ಕೆ ನಿಂತಿತ್ತು. ಹೊದಿಸಿದ ಹಳೆಯ ಧೋತರದ ಕೆಳಗೆ ಲಾಳಿ ಅವರು ಬಿಟ್ಟಲ್ಲಿಯೇ ಇತ್ತು. ಆಗ ನನಗೆ ಅರ್ಥವಾಯಿತು. ಎಣ್ಣೆ ತಿನ್ನುವುದೆಂದರೆ ಅವರ ಪಾಲಿಗೆ ಇನ್ನು ಮಗ್ಗಕ್ಕೆ ಕೂರುವುದಿಲ್ಲ ಎಂದು ಒಪ್ಪಿಕೊಂಡಂತೆ. ತಿನ್ನದಿದ್ದರೆ ಅವರು ಉಳಿಯುವುದಿಲ್ಲ. ದಿನದಿನಕ್ಕೂ ಕೆನ್ನೆಗಳು ಒಳಗೆ ಹೋಗುತ್ತಿದ್ದವು. ನನಗೆ ತುಂಬ ಹೆದರಿಕೆಯಾಯಿತು. ಅಷ್ಟು ವರ್ಷ ಆಟಕ್ಕೆ ಎತ್ತಿದ ಗಿಂಡಿಯನ್ನು ಈಗ ಕೈಯಲ್ಲಿ ಹಿಡಿಯಲೂ ಮನಸ್ಸಾಗುತ್ತಿರಲಿಲ್ಲ.

ನಮ್ಮ ಯಜಮಾನರು ಶೆಡ್ಡಿಗೆ ರಜೆ ಹಾಕಿ ಬಂದರು. ಧೋತರ ತೆಗೆದರು. "ಯವ್ವಾ, ಸೀರಿ ನಾ ಮುಗಸತೇನಿ. ನೀ ಹೇಳಕೋತ ಇರ ಬೇ," ಎಂದು ಕುಣಿಗೆ ಇಳಿದರು. ಚಿಕ್ಕವರಿದ್ದಾಗ ಅದೇ ಕುಣಿಯಲ್ಲಿ ಕಲಿತವರು. ಕೈ ಮರೆತಿರಲಿಲ್ಲ, ಆದರೆ ಅಂಜಿತ್ತು. ಅತ್ತೆ ಹಾಸಿಗೆಯಲ್ಲಿ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ನಡುನಡುವೆ ತೊದಲುತ್ತ, "ಹೊಡತ ಹಗೂರ ಆತು," ಎನ್ನುವರು. ಇನ್ನೊಮ್ಮೆ, "ಅಂಚ ಜಗ್ಗಬ್ಯಾಡೋ," ಎನ್ನುವರು. ಸದ್ದಿನಿಂದಲೇ ಹೇಗೆ ತಿಳಿಯುತ್ತಿತ್ತೋ ನಾನರಿಯೆ. ಆ ಧೈರ್ಯಕ್ಕೆ ಗಂಜಿ ಒಂದಿಷ್ಟು ಒಳಗೆ ಹೋಗತೊಡಗಿತು, ಜೀವ ಹಿಡಿಯುವಷ್ಟು ಮಾತ್ರ.

ಆ ದಿನಗಳಲ್ಲಿ ನಾನು ಒಂದು ಸಂಗತಿ ಗಮನಿಸಿದೆ. ನಮ್ಮ ಯಜಮಾನರು ಊಟಕ್ಕೆ ಕೂತಾಗ ನಾನು ಅಭ್ಯಾಸದಂತೆ ಗಿಂಡಿ ಎತ್ತಿದರೆ, ತಾಟಿನ ಮೇಲೆ ಅಂಗೈ ಮುಚ್ಚಿದರು. ಥೇಟ್ ಅವರವ್ವನ ಹಾಗೆ. ಮಾರನೆಯ ದಿನದಿಂದ ನಾನೂ ಒಣ ಹಿಂಡಿಯನ್ನೇ ಉಂಡೆ. ನಾನೇನೂ ಮಗ್ಗ ಮುಟ್ಟುವವಳಲ್ಲ, ಆದರೂ ಎಣ್ಣೆ ಸೇರಲಿಲ್ಲ.

ಸೀರೆ ಮುಗಿದ ದಿನ ನಮ್ಮ ಯಜಮಾನರು ಅದನ್ನು ಕತ್ತರಿಸಿ ಇಳಿಸಿ ಅತ್ತೆಯ ಕಾಲ ಮೇಲೆ ಹರವಿದರು. ಅತ್ತೆ ಎಡಗೈಯಿಂದ ಅಂಚು ಹಿಡಿದು, ಸ್ವಲ್ಪ ಸ್ವಲ್ಪವೇ ಎಳೆದುಕೊಳ್ಳುತ್ತ ಸೆರಗಿನ ತನಕ ನೋಡಿದರು. ತಾವು ನಿಲ್ಲಿಸಿದ್ದು ಎಲ್ಲಿ, ಮಗ ಹಿಡಿದದ್ದು ಎಲ್ಲಿ ಎಂಬುದು ಅವರ ಬೆರಳಿಗೆ ತಿಳಿಯಿತು. ಅಲ್ಲೊಂದು ಗಳಿಗೆ ನಿಂತು ಮುಂದೆ ಹೋದರು. "ಡಾಗ ಇಲ್ಲ," ಎಂದರು. ಸೀರೆಯನ್ನು ಮಗನಿಂದ ಮಡಿಸಿ ನನ್ನ ಕೈಗೆ ಕೊಡಿಸಿದರು. "ನೀ ಉಡು."

ನಾನು ಕಣ್ಣೊರೆಸಿಕೊಂಡು ತಾಟು ತಂದೆ. ಗಂಜಿ, ಬ್ರೆಡ್ಡು ಇದ್ದವು, ಪಕ್ಕದಲ್ಲಿ ಹಿಂಡಿ ಇತ್ತು. ವಾಸನೆಗಾದರೂ ಗಂಜಿ ಇಳಿಯಲಿ ಎಂದು ಇಡುತ್ತಿದ್ದ ಹಿಂಡಿ ಅದು. ಅತ್ತೆ ಅದನ್ನೇ ನೋಡಿದರು. ಎಡಗೈ ಮುಂದೆ ಬಂತು. ಹೆಬ್ಬೆರಳು ಹಿಂಡಿಯ ಗುಡ್ಡೆಯ ನಡುವೆ ಒತ್ತಿತು. ಒಂದು ಕುಣಿ ಬಿತ್ತು.

"ಹಾಕವಾ," ಎಂದರು. "ಕುಣಿ ತುಂಬ ಹಾಕ."

ಮೊದಲ ದಿನ ನಾನು ಮಾಡಿದ ಕುಣಿಯನ್ನು ಅವರು ಅಷ್ಟು ವರ್ಷ ಮರೆತಿರಲಿಲ್ಲ. ನಾನು ಹಟ ಹಿಡಿದದ್ದು ಕೈಗೆ ಬಂದಿತ್ತು, ಆದರೆ ನನಗೆ ಗಿಂಡಿ ಎತ್ತಲಾಗಲಿಲ್ಲ. ಅಲ್ಲಿಯೇ ಕೂತು ಅತ್ತುಬಿಟ್ಟೆ. ನಮ್ಮ ಯಜಮಾನರೇ ಗಿಂಡಿ ತಂದು ಎಣ್ಣೆ ಹಾಕಿದರು. ನಾನು ಕಲಸಿದೆ, ಬ್ರೆಡ್ಡಿಗೆ ಸವರಿದೆ, ಸಣ್ಣ ಸಣ್ಣ ತುತ್ತು ಮಾಡಿ ಬಾಯಿಗಿಟ್ಟೆ. ಅತ್ತೆ ನಿಧಾನವಾಗಿ ನುಂಗಿದರು. ಮತ್ತೆ ಬಾಯಿ ತೆರೆದರು.

"ಇಷ್ಟ ರುಚಿ ಇರತೈತಂತ ಮೊದಲ ಯಾಕ ಹೇಳಲಿಲ್ಲ ನೀ?" ಎಂದರು. ಮುಖದ ಎಡಭಾಗ ಮಾತ್ರ ನಕ್ಕಿತು.

ಆಮೇಲೆ ಅವರು ಕೆಲ ಕಾಲ ಬದುಕಿದ್ದರು, ದಿನಾ ಅದನ್ನೇ ಉಂಡರು. ಮಗ್ಗದ ಕಡೆ ಮತ್ತೆ ಕೈ ತೋರಿಸಲಿಲ್ಲ. ನಮ್ಮ ಕಡೆ ಸತ್ತವರಿಗೆ ತೋಡುವುದಕ್ಕೂ ಕುಣಿ ಎಂದೇ ಹೆಸರು. ಅದರ ಮಾತು ಇಲ್ಲಿ ಬೇಡ. ನಡುಮನೆಯ ಕುಣಿಗೆ ಮಣ್ಣು ತುಂಬಿಸಿ ಫರಸಿಕಲ್ಲು ಹಾಸಿದೆವು. ಈಗ ಅಲ್ಲಿ ಸೋಫಾ ಇದೆ. ಸೀರೆ ನನ್ನ ಟ್ರಂಕಿನಲ್ಲಿದೆ. ಒಂದೆರಡು ಮದುವೆಗೆ ಉಟ್ಟಿದ್ದೇನೆ, ಊಟಕ್ಕೆ ಕೂರುವ ಮೊದಲು ಬದಲಿಸಿಕೊಂಡಿದ್ದೇನೆ.

"ಯವ್ವಾ, ಕೇಳಾಕತ್ತೇನಿ. ಮ್ಯಾಲೆ ಏನ ಹಾಕ್ಲಿ?" ಮಗ ಬ್ರೆಡ್ಡು ಹಿಡಿದುಕೊಂಡು ಇನ್ನೂ ನಿಂತಿದ್ದ.

"ಹಿಂಡಿ ಉದುರಸು. ಒಣಾದು," ಎಂದೆ.

ಅವನು ಡಬ್ಬಿ ತೆಗೆದು ಉದುರಿಸಿಕೊಟ್ಟ. ನಡುಮನೆಯ ಸೋಫಾದ ಮೇಲೆ ಕೂತು ಒಂದು ತುತ್ತು ಕಚ್ಚಿದೆ. ಶೇಂಗಾದ ಮೇಲೆ ಶೇಂಗಾ, ಮೆತ್ತನ್ನದರ ಮೇಲೆ ಒಣ ಪುಡಿ. ಅತ್ತೆಯೂ ನಾನೂ ಒಂದೇ ತಾಟಿನಲ್ಲಿ ಉಂಡಂತೆ ಇತ್ತು. ಬಾಳೆಹಣ್ಣು, ಬೆಲ್ಲ, ಉಳ್ಳಾಗಡ್ಡಿಯವರು ತಮ್ಮ ತಮ್ಮ ಮತದಲ್ಲಿ ಸುಖವಾಗಿರಲಿ, ನನ್ನದು ಇದು.

ಮಗ ನನ್ನ ಪಕ್ಕದಲ್ಲಿ ಕೂತು ತಿಂದು ಮುಗಿಸಿ, ಬಸ್ಸಿಗೆ ಹೊತ್ತಾಯಿತೆಂದು ಕೈಯನ್ನು ಸೋಫಾದ ಬಟ್ಟೆಗೆ ಒರೆಸಲು ಹೋದ.

"ಒರಸಬ್ಯಾಡ. ಕೈ ತೊಳಿ," ಎಂದೆ.

"ಯಾಕ ಬೇ? ಇಲ್ಲೇನ ಮಗ್ಗ ಐತೇನು?"

"ಇಲ್ಲ," ಎಂದೆ.

ಅವನು ಒಮ್ಮೆ ನನ್ನನ್ನು, ಒಮ್ಮೆ ಸೋಫಾದ ಕೆಳಗಿನ ಫರಸಿಯನ್ನು ನೋಡಿದ. ಬಚ್ಚಲಿಗೆ ಹೋದ. ನಾನೂ ನನ್ನ ಬೆರಳು ನೋಡಿಕೊಂಡು ಅವನ ಹಿಂದೆಯೇ ಎದ್ದೆ.