ಅವ್ವ ಆರಿಸಿದ ಕಹಳೆ

“ಗಂಟ್ಲು ಒಣಗೈತಲ್ಲೇ ಗೌರಿ, ಒಂದು ಗುಟುಕು ನೀರು ಕುಡುದು ಹಾಡೇ!” ಎಂದು ಅವ್ವ ಅಡುಗೆಮನೆಯಿಂದ ಕೂಗಿದಳು. ಪಡಸಾಲೆಯಲ್ಲಿ ನಾನು ಬಾಯಿ ಮುಚ್ಚಿ ಕುಳಿತಿದ್ದೆ. ಹಾಡುತ್ತಿದ್ದದ್ದು ಯಂತ್ರ.

ನನ್ನ ಹಾಡನ್ನು ಮೇಣದ ತಟ್ಟೆಯ ಮೇಲೆ ಹಿಡಿಯಲು ಹೊಳಲ್ಕೆರೆಯ ನಮ್ಮ ಮನೆಗೆ ಗ್ರಾಮಫೋನಿನವರು ಬಂದಿದ್ದರು. ಯಂತ್ರಕ್ಕೆ ದನಿ ಹಾಯಿಸುವ ಯಾವ ಕಹಳೆಯೊಳಗೆ ಹಾಡಿದರೆ ಚೆನ್ನ ಎಂದು ನೋಡಲು, ತಾವು ತಂದಿದ್ದ ದೊಡ್ಡದು, ಸಣ್ಣದು ಎರಡು ಕಹಳೆಗಳಲ್ಲೂ ಒಂದೊಂದು ನುಡಿ ಹಾಡಿಸಿ ಮತ್ತೆ ಕೇಳಿಸಿದರು. ದೊಡ್ಡದರಲ್ಲಿ ಹಿಡಿದದ್ದು ಮನೆ ತುಂಬ ಮೊಳಗಿತು. ನನಗೂ ಅದೇ ಹಿಡಿಸಿತ್ತು. ಅವ್ವ ಮಾತ್ರ ಆಗ ಸುಮ್ಮನಿದ್ದಳು. ಕೂಗಿದ್ದು, ಸಣ್ಣದರಲ್ಲಿ ಹಿಡಿದ ಮೆಲುದನಿ ಕೇಳಿದಾಗ.

ಯಂತ್ರದವರು ನಕ್ಕು, “ಅಮ್ಮನವರೇ ಆರಿಸಿಬಿಟ್ಟರು” ಎಂದು ದೊಡ್ಡ ಕಹಳೆಯನ್ನು ಪೆಟ್ಟಿಗೆಗೆ ಸೇರಿಸಿದರು.

ನನ್ನ ಹಾಡು ಚೆನ್ನಾಗಿದೆ ಎಂದು ಅವ್ವ ಒಮ್ಮೆಯೂ ಹೇಳಿದವಳಲ್ಲ. ಅವಳು ಅಷ್ಟು ವರ್ಷ ನನ್ನ ಉಸಿರುಸಿರನ್ನೂ ಕೇಳಿಸಿಕೊಳ್ಳುತ್ತಿದ್ದಳೆಂದು ನನಗೆ ಅಂದು ತಿಳಿಯಿತು.