ಅಳದ ಅತ್ತಿಗೆ, ಓದಿದ ನಾನು

ಅಣ್ಣನ ಹೆಣ ಅಂಗಳದಲ್ಲಿತ್ತು. ಬಂದ ಹೆಂಗಸರೆಲ್ಲ ಅತ್ತಿಗೆಯನ್ನು ತಬ್ಬಿಕೊಂಡು, ಅಣ್ಣನ ಗುಣ ಹೇಳಿ ಹೇಳಿ ರಾಗವಾಗಿ ಅತ್ತರು.

ಅತ್ತಿಗೆ ಮಾತ್ರ ಅಳಲಿಲ್ಲ. ಒಂದು ಹನಿಯೂ ಇಲ್ಲ.

ಅರವತ್ತರ ದಶಕದ ಹೆಬ್ಬಾಳ, ದ್ರಾಕ್ಷಿ ತೋಟದ ಮನೆ ನಮ್ಮದು. ಗಂಡ ಸತ್ತಾಗ ಬಾಯಿಬಿಟ್ಟು ಅಳದವಳು ಅಂದರೆ ನಮ್ಮ ಕಡೆ ದೊಡ್ಡ ಅಪವಾದ.

ನಾನಾಗ ಬಿ.ಎ. ಫಿಲಾಸಫಿ. ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲನೆಯವನು, ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಅದೇ ತಿಂಗಳು ಕ್ಲಾಸಿನಲ್ಲಿ ಮೇಷ್ಟ್ರು ಹೇಳಿದ ಒಂದು ಸಿದ್ಧಾಂತ ಕೇಳಿದ್ದೆ. ದುಃಖವಾಗಿ ನಾವು ಅಳುವುದಲ್ಲ, ಅಳುವುದರಿಂದಲೇ ದುಃಖವಾಗುವುದು. ಕಣ್ಣೀರು, ಬಿಗಿದ ಗಂಟಲು, ಎದೆಬಡಿತ ಎಲ್ಲ ತೆಗೆದುಬಿಟ್ಟರೆ ದುಃಖ ಅನ್ನುವುದೇ ಉಳಿಯುವುದಿಲ್ಲ... ಎಂಥ ಮಾತು ಅಂತ ಮರುಳಾಗಿದ್ದೆ.

ತಿಥಿ ಮುಗಿದ ಮೇಲೆ ದೊಡ್ಡಪ್ಪ ಎಲ್ಲರ ಮುಂದೆ ಕೇಳಿದರು. "ಓದ್ದೋನು ನೀನೇ ಯೋಳಪ್ಪ. ಇವ್ಳಿಗೆ ಗಂಡ ಸತ್ತ ಸಂಕ್ಟ ಐತಾ?"

"ಮೈಯಲ್ಲಿ ಕಾಣ್ದಿದ್ರೆ ಮನಸಲ್ಲೂ ಇರಲ್ಲ ದೊಡ್ಡಪ್ಪ" ಅಂದೆ.

ಅತ್ತಿಗೆ ಬಾಗಿಲ ಹಿಂದೆಯೇ ನಿಂತಿದ್ದರು. ಕಲ್ಲೆದೆಯವಳು ಈ ಮನೆಗೆ ಬೇಡ ಅಂದಳು ಅವ್ವ. ಮರುದಿನವೇ ಅತ್ತಿಗೆಯ ಅಣ್ಣ ಬಂದು ಅವರನ್ನು ತವರು ಸೋಲದೇವನಹಳ್ಳಿಗೆ ಕರೆದುಕೊಂಡು ಹೋದರು.

ಮುಂದಿನ ಟರ್ಮಿನಲ್ಲಿ ಅದೇ ಮೇಷ್ಟ್ರು ಅದೇ ಸಿದ್ಧಾಂತವನ್ನು ಅರ್ಧ ಗಂಟೆಯಲ್ಲಿ ಹರಿದು ಹಾಕಿದರು. ಮೈ ಸುಮ್ಮನಿದ್ದರೂ ಮನಸ್ಸು ಬೇಯುತ್ತಿರಬಹುದು ಅಂದರು.

ನಾನು ಅರ್ಧ ಪಾಠ ಕೇಳಿ ತೀರ್ಪು ಕೊಟ್ಟಾಗಿತ್ತು.

ಭಾನುವಾರ ಸೈಕಲ್ ಹತ್ತಿ ಸೋಲದೇವನಹಳ್ಳಿಗೆ ಹೋದೆ. ಅತ್ತಿಗೆ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ನಾನಿನ್ನೂ ಬಾಯಿ ತೆರೆದಿರಲಿಲ್ಲ.

"ಒಳಗೇನೋ ಕೊರೀತೈತಲ್ಲಪ್ಪ ನಿಂಗೆ... ಕೂತ್ಕೋ" ಅಂದರು. ಯಾವ ಸಿದ್ಧಾಂತವೂ ಬೇಕಾಗಲಿಲ್ಲ ಅವರಿಗೆ.

ನಾನೇ ಅತ್ತುಬಿಟ್ಟೆ. ಆಗ ಹೇಳಿದರು. "ನಿಮ್ಮಣ್ಣ ಸಾಯೋ ಮುಂಚೆ ಆಣೆ ಮಾಡುಸ್ಕೊಂಡ್ರು. ಅವ್ವಂಗೆ ಎದೆನೋವು, ನೀನತ್ರೆ ಅವ್ಳು ತಡ್ಕಳಲ್ಲ, ಅಳ್ಬ್ಯಾಡ ಅಂತ. ನಾನು ಯೋಳಿದ್ರೆ ನೆಪ ಅಂತಾರೆ, ಬುಡು."

ನಾನು ಹೇಳಿದ್ದರೆ ಅವ್ವನೇ ಹೋಗಿ ಸೊಸೆಯನ್ನು ಕರೆತರುತ್ತಿದ್ದಳು. ಹೇಳಬೇಕು ಅಂತಲೇ ಸೈಕಲ್ ತುಳಿದೆ. ಮನೆ ಹತ್ತಿರವಾದಂತೆ, ಓದಿದವನೂ ಎಡವಿದ ಅಂತ ದೊಡ್ಡಪ್ಪ ನಗುತ್ತಾರಲ್ಲ ಅನ್ನಿಸಿತು.

ನಾಳೆ ಹೇಳೋಣ ಅಂದುಕೊಂಡೆ...

ಅವ್ವ ಇನ್ನೂ ಹತ್ತು ವರ್ಷ ಬದುಕಿದ್ದಳು. ಕೊನೆಯವರೆಗೂ ಸೊಸೆಯನ್ನು ಬೈಯುತ್ತಲೇ ಇದ್ದಳು, ನಾನು ಪಕ್ಕದಲ್ಲೇ ಕೂತು ಕೇಳಿಸಿಕೊಂಡೆ.

ಈಗ ನೀವೇ ಹೇಳಿ, ಆ ಮನೆಯಲ್ಲಿ ಕಲ್ಲೆದೆ ಯಾರದ್ದು?